ಗಾಜಿನ ಮೇಲಿನ ಗಂಧ

ಮಾವನ ಕಾರು ನನ್ನ ನೆನಪಿನಲ್ಲಿ ಬಿಳಿ. ತಂಗಿ ಬೆಳ್ಳಿ ಬಣ್ಣ ಅನ್ನುತ್ತಾಳೆ. ಅದರ ಆರ್‌ಸಿಯಲ್ಲೂ ಬೆಳ್ಳಿ ಎಂದೇ ಇತ್ತು; ಓದಿದವಳು ನಾನೇ. ಆದರೂ ಆ ದಿನವನ್ನು ನೆನೆದಾಗಲೆಲ್ಲ ಬಿಳಿ ಕಾರೊಂದು ಮಾವನ ಮನೆಯ ಮುಂದೆ ಬಂದು ನಿಲ್ಲುತ್ತದೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಅಂದಿನ ಪುಟದಲ್ಲಿ ಬಿಸಿಲು ಜಾಸ್ತಿ ಇತ್ತು ಎಂಬುದರ ಹೊರತು ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲ. ಹಾಗಾಗಿ ಇದನ್ನು ನೆನಪಿನಿಂದಲೇ ಬರೆಯುತ್ತಿದ್ದೇನೆ. ಕಣ್ಣೆದುರಿಗಿದ್ದ ಬಣ್ಣವನ್ನೇ ತಪ್ಪಾಗಿ ಇಟ್ಟುಕೊಂಡ ತಲೆ ಉಳಿದದ್ದನ್ನು ಸರಿಯಾಗಿ ಇಟ್ಟುಕೊಂಡಿದೆ ಎಂದು ನಂಬುವುದು ಕಷ್ಟ. ಅನುಮಾನ ಬಂದ ಕಡೆ ಹೇಳಿಬಿಡುತ್ತೇನೆ.

ಕಾರು ಬೇಕಾಗಿದ್ದದ್ದು ತಂಗಿಗೆ. ನಾನು ಮದುವೆಯಾಗಿ ಗಡಿಯಾಚೆ ತಮಿಳುನಾಡಿನ ಹೊಸೂರಿನ ಅವಲಪಲ್ಲಿಯಲ್ಲಿದ್ದೇನೆ. ಅವಳು ಅಪ್ಪ ಅಮ್ಮನ ಜೊತೆ ಊರಿನಲ್ಲಿದ್ದಾಳೆ. ನಮ್ಮೂರಿಗೆ ಕೆಲಮಂಗಲ ದಾಟಿ ತಳಿ ಎಂಬ ಊರಿನ ದಿಕ್ಕಿಗೆ ಒಳಗೆ ಹೋಗಬೇಕು. ರಾಗಿ, ಬೀನ್ಸು, ಚೆಂಡುಹೂವು ಬೆಳೆಯುವ ಊರು. ತಂಗಿ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಕಂಪನಿ ಬಸ್ಸು ಕೆಲಮಂಗಲದವರೆಗೆ ಬರುತ್ತಿದ್ದಷ್ಟು ದಿನ ತೊಂದರೆ ಇರಲಿಲ್ಲ. ಮೊಪೆಡ್ಡಿನಲ್ಲಿ ಅಲ್ಲಿಯವರೆಗೆ ಹೋಗಿ, ಗೊತ್ತಿದ್ದವರ ಅಂಗಡಿಯ ಪಕ್ಕ ಅದನ್ನು ನಿಲ್ಲಿಸಿ ಬಸ್ಸು ಹತ್ತುತ್ತಿದ್ದಳು. ಆ ವರ್ಷ ಬಸ್ಸಿನ ದಾರಿ ಬದಲಾಯಿತು. ಮೊದಲ ಶಿಫ್ಟಿಗೆ ಹೋಗಬೇಕೆಂದರೆ ಬೆಳಕು ಹರಿಯುವ ಮೊದಲೇ ಹೊಸೂರಿನವರೆಗೂ ಮೊಪೆಡ್ಡಿನಲ್ಲೇ ಹೋಗಬೇಕಾಯಿತು.

ರಾಗಿ ತೆನೆ ಬಲಿತ ಮೇಲೆ ನಮ್ಮ ಕಡೆ ಆನೆಗಳು ಕಾಡು ಬಿಟ್ಟು ಹೊಲಕ್ಕೆ ಇಳಿಯುತ್ತವೆ, ನಸುಕಿನಲ್ಲಿ ರಸ್ತೆ ದಾಟಿ ಹಿಂದಕ್ಕೆ ಹೋಗುತ್ತವೆ. ಹಿಂದಿನ ಸುಗ್ಗಿಯಲ್ಲಿ ಪಕ್ಕದ ಊರಿನವರೊಬ್ಬರು ಬೈಕನ್ನು ರಸ್ತೆಯಲ್ಲೇ ಬಿಟ್ಟು ಓಡಿ ಬದುಕಿಕೊಂಡಿದ್ದರು. ಆ ಬೈಕನ್ನು ನೋಡಿಬಂದ ದಿನದಿಂದ ಅಪ್ಪ ತಂಗಿಯ ಮೊಪೆಡ್ಡಿನ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದರು. ಅಪ್ಪ ಮಾತು ಬಿಟ್ಟರೆಂದರೆ ಒಳಗೆ ಏನೋ ತೀರ್ಮಾನ ಆಗುತ್ತಿದೆ ಎಂದು ಅರ್ಥ.

ತೀರ್ಮಾನ ಹೊರಬಿದ್ದದ್ದು ಆಯುಧಪೂಜೆ ಕಳೆದ ಮೇಲೆ.

"ಸುತ್ತ ತಗಡಿರೋ ಗಾಡಿ ಇದ್ರೆ ಹೋಗು. ಇಲ್ದಿದ್ರೆ ಸುಗ್ಗಿಗೆ ಮುಂಚೆ ಕೆಲ್ಸ ಬಿಟ್ಬಿಡು" ಅಂದರು.

"ಕಾರು ತಗೋತೀನಿ" ಅಂದಳು ತಂಗಿ. ಹೊಸೂರಿನಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಊರಿನ ಇನ್ನಿಬ್ಬರು ಹುಡುಗಿಯರು ಅವಳ ಜೊತೆ ಬರಲು ಸಿದ್ಧರಿದ್ದರು. ಅದೇ ತಿಂಗಳು ಫ್ಯಾಕ್ಟರಿಯಲ್ಲಿ ಅವಳನ್ನು ಲೈನ್ ಲೀಡರ್ ಮಾಡಿದ್ದರು. ಇದನ್ನು ಅವಳು ನನಗೆ ಮಾತ್ರ ಹೇಳಿದ್ದಳು.

"ಹೊಸದು ತಗೊಳೋ ಶಕ್ತಿ ಇಲ್ಲ. ಹಳೇದು ತಗೊಂಡ್ರೆ ಎಫ್‌ಸಿ ಆಗ್ಬೇಕು. ಸರ್ಕಾರದೋರು ನೋಡಿ ಸರಿ ಅಂದ್ರೆ ನಾನೂ ಸರಿ ಅಂತೀನಿ. ಅವ್ರು ಬ್ಯಾಡ ಅಂದ್ರೆ ನೀನು ಮನೇಲಿರು."

ಹದಿನೈದು ವರ್ಷ ತುಂಬಿದ ಕಾರನ್ನು ಇನ್ಸ್‌ಪೆಕ್ಟರಿಗೆ ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ಲಾರಿಗಳ ಫಿಟ್‌ನೆಸ್ ಸರ್ಟಿಫಿಕೇಟಿನ ಲೆಕ್ಕದಲ್ಲಿ ನಮ್ಮ ಕಡೆ ಇದಕ್ಕೂ ಎಫ್‌ಸಿ ಎಂದೇ ಹೆಸರು. ಅಪ್ಪ ಆ ಷರತ್ತು ಹಾಕಿದ್ದು ಮಗಳು ಕ್ಷೇಮವಾಗಿರಲಿ ಎಂದೋ, ಹಳೆಯ ಕಾರು ಹೇಗೂ ಪಾಸಾಗದು ಎಂಬ ಧೈರ್ಯದಿಂದಲೋ? ಆಗ ನನಗೆ ಎರಡನೆಯದೇ ನಿಜ ಅನ್ನಿಸಿತ್ತು. ಈಗ ಎರಡೂ ಒಟ್ಟಿಗೇ ಇದ್ದಿರಬಹುದು ಅನ್ನಿಸುತ್ತದೆ. ತಂಗಿ ವಾದ ಮಾಡಲಿಲ್ಲ. "ಪಾಸಾಗೋ ಕಾರೇ ತರೋಣ ಬಿಡಪ್ಪ" ಅಂದಳು.

ಮಾವ ಅಂದರೆ ಅಮ್ಮನಿಗೆ ದೂರದ ತಮ್ಮ. ಕೆಲಮಂಗಲದ ಹತ್ತಿರ ತೋಟ ಮಾಡಿಕೊಂಡಿದ್ದಾನೆ. ದೊಡ್ಡ ಗಾಡಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದವನು ಹಳೆಯ ಸಣ್ಣ ಕಾರನ್ನು ಮಾರುತ್ತೇನೆಂದು ಹೇಳಿದ. ಅದಕ್ಕೆ ಹದಿನೈದು ತುಂಬಲು ಕೆಲವೇ ವಾರ ಬಾಕಿ ಇತ್ತು. ಒಂದು ಭಾನುವಾರ ನಾವು ನಾಲ್ವರೂ ನೋಡಲು ಹೋದೆವು.

ಹಬ್ಬದ ಅಲಂಕಾರ ಇನ್ನೂ ಕಾರಿನ ಮೇಲೇ ಇತ್ತು. ಮುಂದುಗಡೆ ಬಾಡಿದ ಚೆಂಡುಹೂವಿನ ಹಾರ, ಎರಡು ಕಡೆ ಒಣಗಿದ ಬಾಳೆಕಂದು. ಮುಂದಿನ ಗಾಜಿನ ಮೇಲೆ ಅಗಲವಾಗಿ ಬಳಿದ ಗಂಧ, ಅದರ ನಡುವೆ ದೊಡ್ಡ ಕುಂಕುಮದ ಬೊಟ್ಟು, ಅಡ್ಡಕ್ಕೆ ಮೂರು ಗೆರೆ ವಿಭೂತಿ.

"ಏನ್ಲಾ, ಇದು ಕಾರೋ ಪಲ್ಲಕ್ಕಿನೋ?" ಅಂದರು ಅಪ್ಪ.

"ಪಲ್ಲಕ್ಕಿನೇ ಕಣ್ ಭಾವ. ನಿನ್ ಮಗಳ್ನ ಹೊರೋಕೆ ಆಳು ಬ್ಯಾಡ, ಪೆಟ್ರೋಲ್ ಹಾಕುದ್ರೆ ಸಾಕು."

"ಮುಂದ್ಗಡೆ ಇದೇನು ಕೊಟ್ಟಿಗೆ ಗೇಟು ಕಟ್ಟಿದ್ದೀಯ?"

"ಗಾರ್ಡು ಭಾವ. ಆನೆ ಎದುರ್ಗೆ ಬಂದ್ರೆ ತಡೀತದೆ."

"ತಡೀತದಾ? ಆನೆ ಅದ್ನ ಕಿತ್ಕೊಂಡು ಹಲ್ಲು ಚುಚ್ಕೊಂಡು ಹೋಯ್ತದೆ ಕಣ್ಲಾ."

ಮಾವ ನಕ್ಕ. ಆ ಕಬ್ಬಿಣದ ಗಾರ್ಡು ಎಫ್‌ಸಿಗೆ ಆಗದು, ಬಿಚ್ಚಬೇಕು ಎಂದು ತಂಗಿ ಹೇಳಿದಾಗ ಮಾತ್ರ ಅವನ ಮುಖ ಸ್ವಲ್ಪ ಇಳಿಯಿತು. ಅದು ಅವನು ಇಷ್ಟಪಟ್ಟು ಹಾಕಿಸಿದ್ದು. ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಹಾಳೆಯನ್ನೂ ಕೀಳಬೇಕು ಅಂದಾಗ, "ಇನ್ನೇನು, ಬಣ್ಣನೂ ಕೆರೆದು ಕೊಡ್ಲಾ?" ಎಂದು ಕೇಳಿದ.

ಅಂಥ ಪರೀಕ್ಷೆಗಳಲ್ಲಿ ಹಳೆಯ ಕಾರುಗಳು ಯಾವುದರಲ್ಲಿ ಬೀಳುತ್ತವೆ ಎಂದು ನಾನು ಹಿಂದಿನ ವಾರವೆಲ್ಲ ಓದಿಕೊಂಡು ಹೋಗಿದ್ದೆ. ಆದರೆ ಅಲ್ಲಿ ನಡೆದ ಪರೀಕ್ಷೆಗೂ ನಾನು ಓದಿದ್ದಕ್ಕೂ ಹೆಚ್ಚು ಸಂಬಂಧ ಉಳಿಯಲಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಹೋದರು.

ಅಪ್ಪ ನೇರವಾಗಿ ಹ್ಯಾಂಡ್‌ಬ್ರೇಕಿಗೆ ಹೋದರು. ಕಾರನ್ನು ಕೆರೆ ಏರಿಯ ಇಳಿಜಾರಿಗೆ ಒಯ್ಯಿಸಿ, ಬ್ರೇಕು ಎಳೆಸಿ, ಹಿಂದೆ ನಿಂತು ಕೈಯಿಂದ ತಳ್ಳಿ ನೋಡಿದರು. ಆಮೇಲೆ ಮುಂದಿನಿಂದ. ತೃಪ್ತಿಯಾಗದೆ ಇನ್ನೂ ಕಡಿದಾದ ಜಾಗ ಹುಡುಕಿದರು. ತಂಗಿ ದೀಪಗಳನ್ನು ನೋಡಲು ನಿಂತಳು. ಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು ಅಂಗೈ ಅಡ್ಡ ಇಟ್ಟು, ದೂರದ ಬೆಳಕು, ಹತ್ತಿರದ ಬೆಳಕು, ಇಂಡಿಕೇಟರು ಎಲ್ಲ ನೋಡಿದಳು. ಹಿಂದಿನ ಒಂದು ಬ್ರೇಕ್ ಲೈಟು ಉರಿಯುತ್ತಿರಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಸೀಟುಬೆಲ್ಟನ್ನು ಎಳೆದಳು. ಅದು ಹೊರಗೆ ಬಂತು, ವಾಪಸು ಹೋಗಲಿಲ್ಲ. ಅಮ್ಮನ ತೊಡೆಯ ಮೇಲೆ ಬಿದ್ದುಕೊಂಡಿತು. "ಇದೇನೋ ಸೀರೆ ಸೆರಗಿನಂಗೆ ಬತ್ತಾನೇ ಇದೆ" ಅಂದಳು.

ನಾನು ಕಾಗದಗಳನ್ನೂ ಚಾಸಿ ನಂಬರನ್ನೂ ನೋಡಿದೆ. ಕಾರಿನ ಮೈಯ ಕಬ್ಬಿಣದಲ್ಲೇ ಕೊರೆದಿರುವ ನಂಬರು ಅದು. ಅದರ ಮೇಲೆ ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕು. ತುಕ್ಕು ಹಿಡಿದು ಅಂಕಿ ಮೂಡದಿದ್ದರೆ ಕಾರು ಎಷ್ಟು ಗಟ್ಟಿಯಿದ್ದರೂ ಅದೇ ಕಾರೆಂದು ಯಾರೂ ಒಪ್ಪುವುದಿಲ್ಲ. ಒಂದು ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಬಟ್ಟೆಗೆ ಸೀಮೆಎಣ್ಣೆ ಹಾಕಿ ತಿಕ್ಕಿದೆ, ಎಂಟು ಮೂಡಿತು. ಅಷ್ಟಕ್ಕೇ ದೊಡ್ಡ ಕೆಲಸ ಮಾಡಿದಂತೆ ಖುಷಿಯಾಯಿತು.

ಟೈರು ಎರಡು ಸವೆದಿದ್ದವು, ಬದಲಾಯಿಸಬೇಕು. ಸ್ಟಿಯರಿಂಗಿನಲ್ಲಿ ಆಟ ಇರಲಿಲ್ಲ. ಕಾಲಿನ ಕೆಳಗಿನ ಚಾಪೆ ಎತ್ತಿದರೆ ನೆಲ ಕೊಳೆಯಾಗಿತ್ತೇ ಹೊರತು ತುಕ್ಕು ತಿಂದಿರಲಿಲ್ಲ. ಹೊಗೆ ಕಪ್ಪಗಿರಲಿಲ್ಲ.

ಕೊನೆಗೆ ಉಳಿದದ್ದು ವೈಪರು. ನೀರು ಚಿಮ್ಮಿಸಿ ವೈಪರು ಆಡಿಸಲು ತಂಗಿ ಸ್ಟಿಯರಿಂಗ್ ಪಕ್ಕದ ಕಡ್ಡಿಗೆ ಕೈ ಹಾಕಿದಳು. ಅಮ್ಮ ಹಿಂದಿನಿಂದ ಅವಳ ಭುಜ ಹಿಡಿದಳು.

"ಏ, ಕುಂಕುಮ ಹೋಯ್ತದೆ ಕಣೆ."

"ವೈಪರ್ ನೋಡ್ಬೇಕಲ್ಲಮ್ಮ."

"ಹಬ್ಬದ್ ಕುಂಕುಮಕ್ಕೆ ನೀರಾಕಿ ಒರೆಸ್ತಾರಾ? ತಾನಾಗೇ ಹೋಗ್ಲಿ. ಅದೂ ಕೈ ಬದಲಾಗೋ ಗಾಡಿ."

ಅತ್ತೆ, ಅಂದರೆ ಮಾವನ ಹೆಂಡತಿ, ಬಾಗಿಲಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದಳು. ಅಪ್ಪ ಬೇಡ ಎಂಬಂತೆ ಕೈ ಆಡಿಸಿದರು. ನನಗೆ ಅದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ, ಆದರೆ ಬಟ್ಟೆ ನನ್ನ ಕೈಯಲ್ಲೇ ಇದ್ದಿದ್ದರೂ ನಾನು ಒರೆಸುತ್ತಿರಲಿಲ್ಲ. ತಂಗಿ ಒಂದು ಉಪಾಯ ಮಾಡಿದಳು. ಇಳಿದುಬಂದು ಎರಡೂ ವೈಪರುಗಳನ್ನು ಗಾಜಿನಿಂದ ಮೇಲಕ್ಕೆ ಎತ್ತಿ ನಿಲ್ಲಿಸಿ, ಆಮೇಲೆ ಚಾಲೂ ಮಾಡಿದಳು. ಅವು ಗಾಳಿಯಲ್ಲೇ ಅತ್ತಿತ್ತ ಆಡಿದವು. "ನೋಡ್ ಭಾವ, ಬರ್ಬ್ಯಾಡ ಬರ್ಬ್ಯಾಡ ಅಂತ ಆನೆಗೆ ಕೈ ಬೀಸ್ತಾವೆ" ಅಂದ ಮಾವ. ಎಲ್ಲರೂ ನಕ್ಕೆವು. ವೈಪರು ಸರಿಯಿದೆ ಎಂದು ಒಪ್ಪಿಕೊಂಡೆವು.

ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದರು. ಎಫ್‌ಸಿ ಆದ ಮೇಲೆ ಹೆಸರು ಬದಲಾಯಿಸುವುದು, ಅಲ್ಲಿಯವರೆಗೆ ಕಾರು ನಮ್ಮ ಹತ್ತಿರ ಇರುವುದು ಎಂದಾಯಿತು. ಮುಂದಿನ ದಿನಗಳಲ್ಲಿ ತಂಗಿ ಗಾರ್ಡು ಬಿಚ್ಚಿಸಿದಳು, ಕಪ್ಪು ಹಾಳೆ ಕೀಳಿಸಿದಳು, ಟೈರು, ಬಲ್ಬು, ಬೆಲ್ಟು ಸರಿ ಮಾಡಿಸಿದಳು. ಗಾಜಿನ ಆ ಭಾಗ ಹಾಗೇ ಉಳಿಯಿತು. ವಿಭೂತಿ ಸ್ವಲ್ಪ ಉದುರಿತ್ತು, ಗಂಧ ಗಟ್ಟಿಯಾಗಿ ಕೂತಿತ್ತು. ಅದರ ಪಕ್ಕದಿಂದ ರಸ್ತೆ ಕಾಣುತ್ತಿದ್ದುದರಿಂದ ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಹೊಸೂರಿನ ಅಂಚಿನ ಬಯಲಿನಲ್ಲಿ ವಾಹನಗಳ ಸಾಲು. ಅಪ್ಪ, ತಂಗಿ ಊರಿನಿಂದ ಬಂದಿದ್ದರು. ನಾನು ಅವಲಪಲ್ಲಿಯಿಂದ ಸೇರಿಕೊಂಡೆ. ಅಮ್ಮ ಮನೆಯಲ್ಲೇ ಉಳಿದಿದ್ದಳು. ಮುಗಿದ ಮೇಲೆ ನಾನೂ ಅವರ ಜೊತೆ ಊರಿಗೆ ಹೋಗುವುದೆಂದಿತ್ತು. ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಇನ್ಸ್‌ಪೆಕ್ಟರು ಹೆಚ್ಚು ಮಾತಿನವರಲ್ಲ. ಕಾರಿನ ಸುತ್ತ ಒಂದು ಸಲ ನಡೆದರು, ದೀಪ ಹಾಕಿಸಿದರು, ಹಾರ್ನ್ ಹೊಡೆಸಿದರು, ಬ್ರೇಕು ನೋಡಿದರು, ನನ್ನ ಪೆನ್ಸಿಲ್ ಅಚ್ಚನ್ನು ನಂಬರಿನ ಜೊತೆ ಹೋಲಿಸಿದರು. ಎಂಟು ಎಂಟೇ ಆಗಿತ್ತು.

ಆಮೇಲೆ ಅವರು ಗಾಜಿನತ್ತ ಬೆರಳು ತೋರಿಸಿ ತಮಿಳಿನಲ್ಲಿ "ತುಡೈಂಗಮ್ಮಾ" ಅಂದರು. ಒರೆಸಮ್ಮ ಎಂದು.

ತಂಗಿ ಅಪ್ಪನ ಮುಖ ನೋಡಿದಳು. ಅಪ್ಪ ಬೇರೆ ಕಡೆ ನೋಡಿದರು. ಅವಳು ಬಾಟಲಿಯ ನೀರು ಹಾಕಿ ಬಟ್ಟೆಯಿಂದ ಒರೆಸಿದಳು. ಕುಂಕುಮ ಗಾಜಿನ ಮೇಲೆ ಕೆಂಪಗೆ ಹರಿದು, ಗಂಧ ಕರಗಿ, ವಿಭೂತಿಯ ಮೂರು ಗೆರೆಗಳಲ್ಲಿ ಎರಡು ಹೋದವು. ಕೆಳಗಿನದು ಹೋಗಲಿಲ್ಲ. ಅವಳು ಮತ್ತೆ ಉಜ್ಜಿದಳು. ಅದು ಬಿರುಕಾಗಿತ್ತು.

ನನ್ನ ನೆನಪಿನಲ್ಲಿ ಆ ಬಿರುಕು ಮೊಳದುದ್ದ ಇದೆ. ತಂಗಿ ಒಂದು ಗೇಣು ಇತ್ತು ಅಷ್ಟೆ ಅನ್ನುತ್ತಾಳೆ. ಗಾಜಿನ ನಡುವಿನಿಂದ ಓಡಿಸುವವರ ಕಡೆಗೆ ಸಾಗಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತೇವೆ. ಇನ್ಸ್‌ಪೆಕ್ಟರು ಅದರ ಮೇಲೆ ಉಗುರು ಎಳೆದು ನೋಡಿದರು. ಗದರಲಿಲ್ಲ. ಗಾಜು ಬದಲಾಯಿಸಿಕೊಂಡು ಬನ್ನಿ ಎಂದು ಹೇಳಿ ಮುಂದಿನ ವಾಹನಕ್ಕೆ ಹೋದರು.

ಆಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ, ನಾಲ್ಕು ಜನ ಅರ್ಧ ದಿನ ನೋಡಿಯೂ ಅದು ಹೇಗೆ ತಪ್ಪಿತು ಎಂದು. ಕುಂಕುಮ ಮುಚ್ಚಿತ್ತು ಎಂಬುದು ಒಂದು ಉತ್ತರ. ಆದರೆ ನಾವು ನೋಡಿದ ಬಗೆಯೂ ಹಾಗೇ ಇತ್ತು. ಅಪ್ಪನ ಟ್ರ್ಯಾಕ್ಟರು ಒಮ್ಮೆ ಇಳಿಜಾರಿನಲ್ಲಿ ತಾನಾಗಿ ಉರುಳಿ ಬೇಲಿಗೆ ನುಗ್ಗಿತ್ತು. ಅವರು ಬ್ರೇಕು ನೋಡಿದರು. ನಸುಕಿನ ರಸ್ತೆಯಲ್ಲಿ ಮೊಪೆಡ್ಡಿನ ಮಂಕು ದೀಪ ನಂಬಿ ಹೋಗುತ್ತಿದ್ದ ತಂಗಿ ದೀಪ ನೋಡಿದಳು. ಶಾಲೆಯ ಒಂದು ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿ ಕಚೇರಿಗಳಿಗೆ ಅಲೆದಿದ್ದ ನಾನು ಅಂಕಿ ಅಕ್ಷರ ನೋಡಿದೆ. ಒಬ್ಬೊಬ್ಬರೂ ತಮಗೆ ಹಿಂದೆ ಪೆಟ್ಟು ಬಿದ್ದ ಜಾಗವನ್ನೇ ಕಾರಿನಲ್ಲಿ ಮುಟ್ಟಿ ನೋಡಿದ್ದೆವು. ಗಾಜಿನಿಂದ ನಮ್ಮಲ್ಲಿ ಯಾರಿಗೂ ಯಾವತ್ತೂ ಏನೂ ಆಗಿರಲಿಲ್ಲ. ಹೀಗೆ ಹೇಳಿದರೆ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತದೆ. ಅಚ್ಚುಕಟ್ಟಾಗಿ ಕಾಣುವುದರಿಂದಲೇ ನನಗೆ ಇದರ ಮೇಲೂ ಪೂರ್ತಿ ವಿಶ್ವಾಸವಿಲ್ಲ.

ಹಳೆಯ ನೋಂದಣಿಗೆ ಇನ್ನೂ ಅವಧಿ ಇದ್ದುದರಿಂದ ಕಾರನ್ನು ಊರಿಗೆ ಒಯ್ಯಬಹುದಿತ್ತು. ತಂಗಿ ಓಡಿಸುತ್ತಿದ್ದಳು, ಅಪ್ಪ ಅವಳ ಪಕ್ಕ, ನಾನು ಹಿಂದೆ.

"ಫೇಲಾಗಿದ್ದು ಗಾಜು ಕಣಪ್ಪ, ನಾನಲ್ಲ" ಅಂದಳು ಬಯಲು ದಾಟುತ್ತಿದ್ದಂತೆ.

"ಮಾತು ಅಂದ್ರೆ ಮಾತು" ಅಂದರು ಅಪ್ಪ. "ಪಾಸಾದ್ರೆ ಅಂದಿದ್ದೆ. ಆಗ್ಲಿಲ್ಲ."

"ಗಾಜು ಹಾಕ್ಸಿ ಇನ್ನೊಂದ್ಸಲ ತೋರುಸ್ಬೋದು."

"ಇವತ್ತು ಗಾಜು. ನಾಳೆ ಇನ್ನೊಂದು. ಹಳೇ ಗಾಡಿ ಅಂದ್ರೆ ಇಷ್ಟೇಯ."

ತಂಗಿ ಗೇರು ಬದಲಾಯಿಸಿದಳು. ಕನ್ನಡಿಯಲ್ಲಿ ಅವಳ ಕಣ್ಣು ಮಾತ್ರ ನನಗೆ ಕಾಣುತ್ತಿತ್ತು. ಅವಳ ಪರವಾಗಿ ನಾನು ಮಾತಾಡಿದೆನೇ? ಲೈನ್ ಲೀಡರ್ ಆದ ಸುದ್ದಿಯನ್ನು ಅಪ್ಪನಿಗೆ ಹೇಳಿದ್ದು ನಾನು ಎಂದು ನನ್ನ ನೆನಪು. ತಂಗಿ ಅದನ್ನು ತಾನೇ ಹೇಳಿದ್ದು ಅನ್ನುತ್ತಾಳೆ. ಯಾರೇ ಹೇಳಿರಲಿ, ಅಪ್ಪ "ಅಂಗಂದ್ರೆ?" ಎಂದು ಕೇಳಿದರು. ಒಂದು ಸಾಲಿನ ಮೂವತ್ತು ಚಿಲ್ಲರೆ ಜನರ ಕೆಲಸಕ್ಕೆ ಅವಳೇ ಜವಾಬ್ದಾರಿ ಎಂದು ವಿವರಿಸಿದ ಮೇಲೆ "ಓಹೋ" ಅಂದು ಕಿಟಕಿಯ ಕಡೆ ತಿರುಗಿದರು. ಅಷ್ಟೆ.

ಕೆಲಮಂಗಲಕ್ಕೆ ಸ್ವಲ್ಪ ಮೊದಲು ರಸ್ತೆ ಪಡುವಣಕ್ಕೆ ತಿರುಗುತ್ತದೆ. ತಿರುವು ಮುಗಿಯುತ್ತಿದ್ದಂತೆ ಇಳಿಬಿಸಿಲು ನೇರವಾಗಿ ಗಾಜಿಗೆ ಬಿತ್ತು. ಬಿರುಕಿನ ಉದ್ದಕ್ಕೂ ಬೆಳಕು ಹೊತ್ತಿಕೊಂಡಂತಾಯಿತು. ಹಿಂದೆ ಕೂತಿದ್ದ ನಾನೇ ಕಣ್ಣು ಮುಚ್ಚಿಕೊಂಡೆ. ತಂಗಿ ವೇಗ ಇಳಿಸಿದಳು, ಇಂಡಿಕೇಟರು ಹಾಕಿದಳು, ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಒಂದು ಬೇವಿನ ಮರದ ಹತ್ತಿರ ನಿಲ್ಲಿಸಿದಳು.

"ಯಾಕೆ?" ಅಂದರು ಅಪ್ಪ.

"ಕಾಣ್ತಿಲ್ಲ."

"ಮೆಲ್ಲಗೆ ಹೋಗು. ಊರು ಇಲ್ಲೇ ಇದೆ."

"ಮೆಲ್ಲಗೆ ಹೋದ್ರೂ ಕಾಣಲ್ಲಪ್ಪ. ಎದುರ್ಗೆ ಯಾರಾನ ನಡ್ಕೊಂಡು ಬಂದ್ರೆ ಏನ್ಮಾಡ್ಲಿ?"

"ಅಂಗಾದ್ರೆ ಇಲ್ಲೇ ಕೂತಿರೋದಾ?"

"ಬಿಸಿಲು ಇಳಿಯೋಗಂಟ ಕೂತಿರೋದು."

"ನಾನಾಗಿದ್ರೆ ಹೋಗ್ಬುಡ್ತಿದ್ದೆ."

"ಗೊತ್ತು. ನೀನು ಹಂಗೇ ಹೋಗ್ತೀಯ" ಅಂದಳು. ಎಂಜಿನ್ ಆರಿಸಿ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡಳು.

ಅಪ್ಪನಿಗೆ ಸಿಟ್ಟು ಬಂತೆಂದು ನಾನಂದುಕೊಂಡೆ. ಅವರು ಬಾಗಿಲು ತೆಗೆದು ಇಳಿದರು. ಮೊದಲು ಕಾರಿನ ಹಿಂದೆ ಹೋಗಿ ಅದು ರಸ್ತೆಯಿಂದ ಎಷ್ಟು ದೂರ ನಿಂತಿದೆ ಎಂದು ನೋಡಿದರು. ಆಮೇಲೆ ರಸ್ತೆಯಂಚಿನಲ್ಲಿ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ನಾವು ಹೋಗಬೇಕಾಗಿದ್ದ ಕಡೆ ನೋಡಿದರು. ಬೀನ್ಸಿನ ಮೂಟೆ ಹೇರಿದ ಜೀಪೊಂದು ಎದುರಿನಿಂದ ಬಂತು. ಅದರ ಹಿಂದೆಯೇ, ಜೀಪು ಹೋಗುವವರೆಗೆ ನಮಗೆ ಕಾಣದಂತೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಯಂಚಿನಲ್ಲೇ ನಡೆದು ಬರುತ್ತಿದ್ದಳು. ಅವಳು ನಮ್ಮ ಕಾರು ದಾಟಿ ಹೋಗುವವರೆಗೂ ಅಪ್ಪ ಅವಳನ್ನೇ ನೋಡುತ್ತಿದ್ದರು. ಈ ಹೆಂಗಸು ನಿಜವಾಗಿ ಇದ್ದಳೇ, ತಂಗಿಯ ಮಾತಿಗೆ ಸಾಕ್ಷಿ ಬೇಕೆಂದು ನನ್ನ ಮನಸ್ಸು ಆಮೇಲೆ ಸೇರಿಸಿಕೊಂಡದ್ದೇ ಎಂದು ಅನುಮಾನವಾಗಿ ತಂಗಿಯನ್ನು ಕೇಳಿದ್ದೇನೆ. ಇದ್ದಳು ಅನ್ನುತ್ತಾಳೆ.

ಅಪ್ಪ ಫೋನು ತೆಗೆದು ಮಾವನಿಗೆ ಮಾಡಿದರು. ಅವರ ಫೋನಿನ ಸದ್ದು ಎಷ್ಟು ಜೋರೆಂದರೆ ಎರಡೂ ಕಡೆಯ ಮಾತು ನಮಗೆ ಕೇಳುತ್ತಿತ್ತು.

"ಏನ್ಲಾ, ಗಾಜು ಸೀಳಿರೋದ್ನ ದೇವ್ರ ಕುಂಕುಮದ ಕೆಳ್ಗೆ ಬಚ್ಚಿಟ್ಟಿದ್ಯಾ?"

"ಅಯ್ಯೋ ಇಲ್ಲ ಭಾವ. ಬ್ಯಾಸ್ಗೇಲಿ ಟಿಪ್ಪರ್ ಹಿಂದೆ ಹೋಗ್ತಿದ್ದಾಗ ಒಂದು ಸಣ್ ಕಲ್ಲು ಬಡಿದಿತ್ತು. ಸಾಸ್ವೆ ಕಾಳಷ್ಟು ಗುರುತಿತ್ತು. ಪೂಜೆ ದಿನ ಇವಳು ಅಲ್ಲೇ ಗಂಧ ಇಕ್ಕವಳೆ. ಅದು ಒಳ್ಗೊಳ್ಗೇ ಬೆಳ್ಕೊಂಡ್ರೆ ನಂಗೆಂಗೆ ಗೊತ್ತಾಯ್ತದೆ?"

"ನಿಂಗೇನೂ ಗೊತ್ತಾಗಲ್ಲ ಬಿಡು."

"ನಿಂಗೆ ಬ್ಯಾಡ ಅಂದ್ರೆ ವಾಪಸ್ ತಂದ್ಬಿಡು ಭಾವ. ಮನಸ್ಸಿಗೆ ಹಿಡಿಸ್ದಿದ್ದು ಯಾಕೆ?"

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. ಬೇಡ ಎನ್ನಲು ಅವರ ಮುಂದೆ ದಾರಿ ಪೂರ್ತಿ ತೆರೆದಿತ್ತು. ಕಾರು ವಾಪಸು ಹೋದರೆ ಷರತ್ತಿನ ಪ್ರಕಾರ ಎಲ್ಲ ಮುಗಿಯುತ್ತಿತ್ತು. ಸುಗ್ಗಿ ಹತ್ತಿರದಲ್ಲೇ ಇತ್ತು, ಇನ್ನೊಂದು ಕಾರು ಹುಡುಕಲು ಸಮಯವಿರಲಿಲ್ಲ. ತಂಗಿ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದಳು.

"ಬ್ಯಾಡ ಅಂತ ನಾನೆಲ್ಲಿ ಅಂದ್ನಲಾ?" ಅಂದರು ಅಪ್ಪ. "ನಾಳಿಕ್ಕೆ ಹೊಸೂರ್ಗೆ ಬಾ. ಗಾಜು ನೀನು ಹಾಕ್ಸಿಕೊಡ್ಬೇಕು. ನಾನೂ ಬತ್ತೀನಿ, ನಿಂತ್ಕೊಂಡು ಹಾಕ್ಸೋಣ."

ಬಂದು ಕಾರಿನಲ್ಲಿ ಕೂತರು. ಆಗ ತಂಗಿ ನಕ್ಕಳು ಎಂದು ನಾನು ಹೇಳುತ್ತೇನೆ. ತಾನು ನಗಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೆ ಅಷ್ಟೆ ಎಂದು ಅವಳು ಹೇಳುತ್ತಾಳೆ. ಗುಡ್ಡದ ಹಿಂದೆ ಸೂರ್ಯ ಇಳಿಯುವವರೆಗೆ ಕಾದೆವು. ಬೆಳಕು ಇನ್ನೂ ಇರುವಾಗಲೇ ಊರು ಸೇರಿದೆವು.

ಹೊಸ ಗಾಜು ಹಾಕಿಸಿ ತೋರಿಸಿದಾಗ ಎಫ್‌ಸಿ ಆಯಿತು. ತಂಗಿ ಕಾರಿನಲ್ಲಿ ಕೆಲಸಕ್ಕೆ ಹೋಗಲು ಶುರು ಮಾಡಿದ ಮೊದಲ ದಿನ ಅಪ್ಪ ನಸುಕಿನಲ್ಲೇ ಎದ್ದು, ತಲೆಗೆ ಟವೆಲು ಸುತ್ತಿಕೊಂಡು, ಕರೆಯದಿದ್ದರೂ ಹೋಗಿ ಅವಳ ಪಕ್ಕ ಕೂತರಂತೆ. ಹಿಂದಿನ ಸೀಟಿನಲ್ಲಿದ್ದ ಹುಡುಗಿಯರಿಬ್ಬರೂ ದಾರಿಯುದ್ದಕ್ಕೂ ಮಾತಿಲ್ಲದೆ ಕೂತಿದ್ದರಂತೆ. ಫ್ಯಾಕ್ಟರಿಯ ಗೇಟಿನವರೆಗೂ ಹೋಗಿ, ಅವಳು ಒಳಗೆ ಹೋಗುವುದನ್ನು ನೋಡಿ, ಬಸ್ಸಿನಲ್ಲಿ ಊರಿಗೆ ವಾಪಸಾದರು. ಮರುದಿನ ಏಳಲಿಲ್ಲ. ಇವತ್ತು ಹೋಗುವುದಿಲ್ಲವೇ ಎಂದು ಅಮ್ಮ ಕೇಳಿದಾಗ ಹೊದಿಕೆಯೊಳಗಿನಿಂದಲೇ ಹೇಳಿದರಂತೆ.

"ಬ್ಯಾಡ. ಕಾಣ್ದಿದ್ರೆ ನಿಲ್ಲಿಸ್ತಾಳೆ."

ಇದನ್ನು ನನಗೆ ಹೇಳಿದ್ದು ಅಮ್ಮ. ನಾನು ಅಲ್ಲಿರಲಿಲ್ಲ. ಆದರೂ ಈ ಇಡೀ ಪ್ರಸಂಗದಲ್ಲಿ ನನಗೆ ಅನುಮಾನವೇ ಬರದ ಮಾತು ಇದೊಂದೇ.